ಮೂರಕ್ಷರದ ಬಸ್ಸು

ನನ್ನ ಅಣ್ಣನ ಮಗಳು ನಾಲ್ಕನೆಯ ಇಯತ್ತೆಗೆ ಹೋಗುವವರೆಗೂ ಆಕೆಗೆ ಓದಲು ಬರುವುದಿಲ್ಲವೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಸಂಜೆ ಮಗ್ಗದ ಕೋಣೆಯ ಹೊಸ್ತಿಲ ಮೇಲೆ ಕುಳಿತು ಪುಸ್ತಕ ತೆರೆದಳೆಂದರೆ ಇಡೀ ಪಾಠವನ್ನು ಓಣಿಗೆಲ್ಲ ಕೇಳುವಂತೆ ಓದುತ್ತಿದ್ದಳು. ಒಳಗೆ ಸೀರೆ ನೇಯುತ್ತಿದ್ದ ವೈನಿ, ಅಂದರೆ ಆಕೆಯ ತಾಯಿ, ಲಾಳಿ ನಿಲ್ಲಿಸದೆಯೇ "ಛಲೋ ಓದ್ತಾಳ" ಎಂದು ಸಮಾಧಾನಪಡುತ್ತಿದ್ದರು. ಹುಡುಗಿಯ ಆಯಿ, ನಮ್ಮವ್ವ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಮೊಮ್ಮಗಳ ದನಿಗೆ ತಲೆದೂಗುತ್ತಿದ್ದಳು.

ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು. ನಾನು ಹುನಗುಂದದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಇಳಕಲ್ಲಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಂಪ್ಯೂಟರ್ ಬಂದ ಮೇಲೂ ಸಾಹೇಬರು ಫೈಲಿನ ಮೇಲಿನ ಹೆಸರನ್ನು ನನ್ನ ಕೈಯಿಂದಲೇ ಬರೆಸುತ್ತಾರೆ. ನನ್ನ ಅಕ್ಷರ ಅಷ್ಟು ಚಂದ. ಓಣಿಯಲ್ಲಿ ಯಾರದೇ ಅರ್ಜಿ ಇರಲಿ, ಯಾರದೇ ಲಗ್ನದ ಕಾರ್ಡಿನ ಮೇಲಿನ ವಿಳಾಸವಿರಲಿ, ನನ್ನ ಬಳಿಗೇ ಬರುತ್ತದೆ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಹೀಗಾಗಿ ಮಕ್ಕಳಿಗೆ ಹೇಗೆ ಕಲಿಸಬೇಕೆಂಬುದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ಕಚೇರಿಯಿಂದ ಬಂದು ಆಕೆಯ ಪಕ್ಕದಲ್ಲೇ ಚಹಾ ಕುಡಿಯುತ್ತ ಕುಳಿತಿದ್ದೆ. ಹುಡುಗಿ ಕೆರೆಯ ಕಪ್ಪೆಯ ಪಾಠ ಓದುತ್ತಿದ್ದಳು. ಕಪ್ಪೆ ಅಳುವಲ್ಲಿ ಅಳುದನಿ, ಕೊಕ್ಕರೆ ಗದರುವಲ್ಲಿ ಗಡಸುದನಿ. ಎಂಥ ಓದು ಎಂದು ಖುಷಿಯಿಂದ ಬಗ್ಗಿ ನೋಡಿದರೆ ಪುಟದ ತುಂಬ ಭಾಗಾಕಾರದ ಲೆಕ್ಕಗಳಿದ್ದವು.

"ಇದು ಗಣಿತದ ಪುಸ್ತಕ ಐತಲ್ಲ?"

ಆಕೆ ಪುಸ್ತಕ ತಿರುವಿ ನೋಡಿದಳು. ಎಲ್ಲ ಪುಸ್ತಕಗಳಿಗೂ ನಾನೇ ಒಂದೇ ಬಗೆಯ ಕಂದು ಕಾಗದದ ರಟ್ಟು ಹಾಕಿ, ನನ್ನ ಚಂದದ ಅಕ್ಷರದಲ್ಲಿ ಹೆಸರು ಬರೆದುಕೊಟ್ಟಿದ್ದೆ. "ಹೌದೇನು ಕಾಕಾ? ಎಲ್ಲಾ ಒಂದ ಥರ ಕಾಣ್ತಾವ."

"ಮತ್ತ ಇದರಾಗ ಕಪ್ಪಿ ಎಲ್ಲೈತಿ?"

"ಹಾರಿ ಹೋಗಿರಬೇಕು," ಎಂದಳು.

ಕನ್ನಡ ಪುಸ್ತಕವನ್ನೇ ತರಿಸಿ, 'ಮರ' ಎಂಬ ಪದದ ಮೇಲೆ ಬೆರಳಿಟ್ಟು ಓದು ಎಂದೆ. ಹುಡುಗಿ ಮೊದಲು ಪಕ್ಕದ ಚಿತ್ರ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು, ಕೊನೆಗೆ "ಗಿಡ" ಎಂದಳು. ತಪ್ಪೆನ್ನುವುದು ಹೇಗೆ? ನಮ್ಮ ಊರಲ್ಲಿ ಮರಕ್ಕೆ ಗಿಡವೆಂದೇ ಅನ್ನುತ್ತೇವೆ. ಆದರೆ ಅಕ್ಷರ ಅಕ್ಷರವಾಗಿ ಕೇಳುತ್ತ ಹೋದಂತೆ ಗುಟ್ಟು ಬಯಲಾಯಿತು. ಆಕೆ ಓದುತ್ತಿದ್ದದ್ದು ಒಂದಕ್ಷರವೂ ಇಲ್ಲ. ತರಗತಿಯಲ್ಲಿ ಬೇರೆ ಮಕ್ಕಳು ಓದಿದ್ದನ್ನು ಕಿವಿಯಿಂದಲೇ ಹಿಡಿದು, ಇಡೀ ಪುಸ್ತಕವನ್ನು ತಲೆಯಲ್ಲಿ ಇಟ್ಟುಕೊಂಡಿದ್ದಳು.

ಮಗ್ಗ ನಿಂತಿತು. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಣ್ಣ ನನ್ನ ಕಡೆ ತಿರುಗಿ, "ಮನ್ಯಾಗ ಓದಿದಾಂವ ನೀ ಒಬ್ಬನ. ಇನ್ನ ಮ್ಯಾಲ ನೀನ ಕಲಸು," ಎಂದ. ಎಂಟು ದಿನದಲ್ಲಿ ಓದಿಸಿಬಿಡುತ್ತೇನೆ ಎಂದು ನಾನು ಹೇಳಿದೆ.

ಮೊದಲ ದಿನ ಹೊಸ ಪಾಟಿಯ ಮೇಲೆ ವ, ಮ, ಪ, ಷ, ಹ ಎಂದು ಐದು ಅಕ್ಷರ ಬರೆದೆ. ಒಂದೊಂದಕ್ಕೂ ಸುಳಿ, ಬಳುಕು, ಬಾಲ. ಸ್ವತಃ ನಾನೇ ಒಂದು ಕ್ಷಣ ನೋಡಿ ಮೆಚ್ಚಿಕೊಂಡೆ.

ಹುಡುಗಿ ಬಹಳ ಹೊತ್ತು ನೋಡಿ ಹೇಳಿದಳು: "ಕಾಕಾ, ಇವೆಲ್ಲಾ ಒಂದ ಮನಿ ಅಕ್ಕತಂಗ್ಯಾರ ಇದ್ದಂಗ ಅದಾವ. ಯಾರು ಯಾರಂತ ಹೆಂಗ ಗುರ್ತು ಹಿಡೀಲಿ?"

"ಮಾರಿ ಸರಿಯಾಗಿ ನೋಡಿದ್ರ ಗುರ್ತು ಸಿಗತೈತಿ."

"ಬಾಜೂ ಮನಿ ಅವಳಿಜವಳಿ ಹುಡುಗ್ಯಾರನ್ನ ನೀ ಇನ್ನೂ ಗುರ್ತು ಹಿಡಿಯಂಗಿಲ್ಲಲ್ಲ?"

ಅದು ನಿಜವಾಗಿತ್ತು. ಆ ಹುಡುಗಿಯರು ಹುಟ್ಟಿ ಆರು ವರ್ಷವಾಗಿದ್ದರೂ ಒಬ್ಬಳನ್ನು ಕರೆದು ಇನ್ನೊಬ್ಬಳ ಕೈಗೆ ಪೆಪ್ಪರಮೆಂಟು ಕೊಡುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಮೂರನೆಯ ದಿನಕ್ಕೆ ನನ್ನ ದನಿ ಏರಿತು. ಐದನೆಯ ದಿನಕ್ಕೆ ಹುಡುಗಿ ಏನೋ ಸರಿಯುತ್ತರ ಕೊಡತೊಡಗಿದಳು. "ವ... ಅಲ್ಲ, ಮ... ಅಲ್ಲಲ್ಲ, ಪ!" ಎಂದು ಎರಡು ಹೆಜ್ಜೆ ತಪ್ಪಿ ಮೂರನೆಯದಕ್ಕೆ ನೆಟ್ಟಗೆ ಬರುತ್ತಿದ್ದಳು. ಪಾಠ ಹತ್ತುತ್ತಿದೆ ಎಂದು ನಾನು ಹಿಗ್ಗಿದೆ. ಒಂದು ದಿನ ಧೂಳು ಬಿದ್ದು ಕಣ್ಣು ಉರಿಯುತ್ತಿತ್ತೆಂದು ಮುಖಕ್ಕೆ ಒದ್ದೆ ಟವೆಲ್ ಹೊದ್ದುಕೊಂಡು ಕೇಳಿದರೆ ಒಂದೂ ಬರಲಿಲ್ಲ. ಆಗ ತಿಳಿಯಿತು: ಆಕೆ ಓದುತ್ತಿದ್ದದ್ದು ನನ್ನ ಹುಬ್ಬನ್ನು. ಹುಬ್ಬು ಗಂಟಿಕ್ಕಿದರೆ ಅಕ್ಷರ ಬದಲಿಸುತ್ತಿದ್ದಳು, ಸಡಿಲವಾದರೆ ಅಲ್ಲೇ ನಿಲ್ಲುತ್ತಿದ್ದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಪಾಟಿಯನ್ನು ಎತ್ತಿ ಅಂಗಳಕ್ಕೆ ಎಸೆದೆ. ಅದು ಎರಡು ಹೋಳಾಯಿತು.

ನಮ್ಮವ್ವ ಹೊರಗೆ ಬಂದು ಹೋಳು ಆರಿಸುತ್ತ, "ಲೇ, ಪಾಟಿ ಏನ್ ಮಾಡಿತ್ತು ನಿನಗ?" ಎಂದಳು. ಹುಡುಗಿ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಆ ಸಂಜೆ ನನಗೆ ಊಟ ರುಚಿಸಲಿಲ್ಲ.

ಇಷ್ಟರಲ್ಲಿ ವೈನಿ ತಮ್ಮದೇ ಉಪಾಯ ಶುರು ಮಾಡಿದ್ದರು. ದಿನಾ ಮುಂಜಾನೆ ನಾಲ್ಕು ನೆನೆಸಿದ ಬದಾಮು. ಹುಡುಗಿಗೆ ಅದರ ವಾಸನೆಯೇ ಆಗದು. ಯಾರೂ ನೋಡದಾಗ ಅಪ್ಪನ ಕೈಗೆ ತುರುಕುತ್ತಿದ್ದಳು. ಒಂದು ತಿಂಗಳು ಬದಾಮು ತಿಂದ ನಮ್ಮಣ್ಣನಿಗೆ, ಹತ್ತು ವರ್ಷದ ಹಿಂದೆ ನಾನು ಆತನ ಸೈಕಲ್ಲಿನ ಕೀಲಿ ಕಳೆದದ್ದು, ಕಳೆದ ಜಾಗ, ಅಂದು ನಾನು ಹೇಳಿದ ಸುಳ್ಳು ಎಲ್ಲ ಒಂದೊಂದಾಗಿ ನೆನಪಾಗತೊಡಗಿದವು.

"ಬದಾಮ ತಿನಿಸಿದ್ದು ಸಾಕು," ಎಂದಳು ನಮ್ಮವ್ವ. "ಬಾದಾಮಿಗೇ ಹೋಗೂಣು. ಮಹಾಕೂಟದ ಹೊಂಡದಾಗ ಹುಡುಗಿಗೊಂದು ಮುಳುಗು ಹಾಕಿಸಿ ಕಾಯಿ ಒಡಿಸಿದ್ರ ಅಕ್ಷರ ತಾವ ಬರ್ತಾವ."

ಮುಂದಿನ ಭಾನುವಾರ ಅವ್ವ, ಹುಡುಗಿ, ನಾನು ಮೂವರೂ ಹೊರಟೆವು. ಹುನಗುಂದಕ್ಕೆ ಬಂದು ಬಾದಾಮಿ ಬಸ್ಸಿಗೆ ಕಾಯುತ್ತ ನಿಂತಾಗ ನನ್ನೊಳಗಿನ ಮಾಸ್ತರು ಮತ್ತೆ ಎದ್ದ. ದೇವರ ಹತ್ತಿರ ಹೋಗುವ ಮೊದಲು ನಮ್ಮ ಪ್ರಯತ್ನವೂ ಇರಲಿ ಎಂದು, "ಇವತ್ತು ಬೋರ್ಡ್ ಓದೂದು ನಿಂದು. ಬಾದಾಮಿ ಬಸ್ ಬಂದ್ರ ನೀನ ಹೇಳಬೇಕು," ಎಂದೆ.

ಹುಡುಗಿ ಗಂಭೀರಳಾಗಿ ಮುಂದೆ ನಿಂತಳು. ಒಂದು ಬಸ್ಸು ಬಂತು. "ಇದಲ್ಲ. ಇದು ಬಾಗಲಕೋಟಿ," ಎಂದಳು. ನೋಡಿದೆ, ಬಾಗಲಕೋಟೆಯೇ! ನನಗೆ ಮೈ ಜುಮ್ಮೆಂದಿತು. ಇಳಕಲ್ಲಿನ ಬಸ್ಸು ಬಂತು, ಅದೂ ಅಲ್ಲವೆಂದಳು. ಅವ್ವನಿಗೆ ಕೇಳಿಸುವಂತೆ, "ನಾ ಕಲಿಸಿದ್ದು ಒಳಗ ಇಳದೈತಿ, ಹೊರಗ ಬರಾಕ ತಡಾ ಆಗೈತಿ ಅಷ್ಟ," ಎಂದೆ. ಅಷ್ಟರಲ್ಲಿ ಹುಡುಗಿ ಕೂಗಿದಳು: "ಕಾಕಾ, ಬಾದಾಮಿ!"

ಭಾನುವಾರದ ಜನ ಒಮ್ಮೆಲೇ ನುಗ್ಗಿತು. ನಾನು ಬೋರ್ಡು ನೋಡುವ ಗೋಜಿಗೆ ಹೋಗದೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೆ. ಅವ್ವ ಕಾಯಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಕುಳಿತಳು. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದ.

"ಬಾದಾಮಿ," ಎಂದೆ. "ಹೆಣ್ಮಕ್ಕಳದು ಇಬ್ಬರದು ಫ್ರೀ, ನನಗೊಂದು ಕೊಡ್ರಿ."

"ಇದು ಬೇವೂರ ಬಸ್ಸರಿ."

"ಬೋರ್ಡ್ ಬಾದಾಮಿ ಅಂತ ಐತಲ್ರಿ!"

ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಕಂಡಕ್ಟರ್ ನನ್ನ ಇಸ್ತ್ರಿ ಮಾಡಿದ ಅಂಗಿ ನೋಡಿದ, ಜೇಬಿನಲ್ಲಿದ್ದ ಎರಡು ಪೆನ್ನು ನೋಡಿದ. "ಸಾಹೇಬ್ರ, ಬೋರ್ಡ್ ಬರದಾಂವ ನಾ ಅಲ್ಲ. ಆದ್ರ ಓದಾಕ ನನಗೂ ಬರ್ತೈತಿ. ನೀವು ಸಾಲಿ ಕಲ್ತೀರೇನ್ರಿ?"

"ಕಲ್ತಾನ್ರಿ," ಎಂದಳು ಅವ್ವ. "ಆದ್ರ ಇವತ್ತು ಓದೂ ಕೆಲಸ ಈ ಹುಡುಗಿಗಿ ಹಚ್ಚಿದ್ದ."

ಬಸ್ಸಿಗೆ ಬಸ್ಸೇ ನಕ್ಕಿತು. ಹುಡುಗಿಯ ಮುಖ ಸಣ್ಣದಾಯಿತು. ನನಗೂ ಬೈಯಬೇಕೆನಿಸಿತು. ಆದರೆ ಅಷ್ಟು ಜನರೆದುರು ಬೈಯಲಾರದೆ ಮೆಲ್ಲಗೆ ಕೇಳಿದೆ: "ಬಾದಾಮಿ ಅಂತ ಹೆಂಗ ಹೇಳಿದಿ?"

"ಮೊದಲನೇದು ಬ ಇತ್ತು, ಅದೊಂದು ನನಗ ಗುರ್ತು ಸಿಗತೈತಿ. ಆಮ್ಯಾಲ ಎಣಿಸಿದೆ. ಬಾ, ದಾ, ಮಿ, ಮೂರು. ಬೋರ್ಡಿನ ಮ್ಯಾಲೂ ಮೂರ ಇದ್ದುವು. ಬಾಗಲಕೋಟಿ ಆಗಿದ್ರ ಐದು ಇರ್ತಿದ್ದುವು."

ಬೇ, ವೂ, ರು. ನಾನು ಮನಸ್ಸಿನಲ್ಲೇ ಬೆರಳು ಮಡಚಿದೆ. ಮೂರೇ. ಹುಡುಗಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಬಸ್ಸು ಓಡುತ್ತಿದ್ದಂತೆ ನನಗೆ ಒಂದೊಂದೇ ಹೊಳೆಯತೊಡಗಿತು. ನಾವು ಕಣ್ಣು ಹಾಯಿಸಿದರೆ ಸಿಗುವುದನ್ನು ಪಡೆಯಲು ಈ ಮಗು ಎಣಿಸುತ್ತದೆ, ಕಿವಿಗೊಡುತ್ತದೆ, ಚಿತ್ರ ನೋಡುತ್ತದೆ, ಎದುರಿದ್ದವರ ಹುಬ್ಬು ಕಾಯುತ್ತದೆ. ದಿನವಿಡೀ ಇಷ್ಟು ದುಡಿಯುವ ಹುಡುಗಿಗೆ ನಾನು ಮೈಗಳ್ಳಿ ಎಂದು ಬೈದಿದ್ದೆ.

ಕಂಡಕ್ಟರ್ ನಮ್ಮನ್ನು ಇಳಿಸಲು ಸೀಟಿ ಊದಲಿದ್ದ. ಅವ್ವ ಕೈಯೆತ್ತಿ ತಡೆದಳು. "ಇರ್ಲಿ ತಡಿಯಪ್ಪ. ಬೇವೂರಾಗ ನಮ್ಮ ಕಾಕಾನ ಮಗಳು ಅದಾಳ. ಆಕಿ ಮೊಣಕಾಲ ಬ್ಯಾನಿ ಹೆಂಗೈತಿ ಕೇಳಿ ಬರೂಣು."

"ಮತ್ತ ಮಹಾಕೂಟ?" ಎಂದೆ.

"ದೇವರು ಮುಂದಿನ ವಾರಾನೂ ಅಲ್ಲೇ ಇರ್ತಾನ."

ಅವ್ವನ ಆ ಕಾಕಾನ ಮಗಳು ಅವ್ವನಿಗಿಂತ ಎರಡು ವರ್ಷ ದೊಡ್ಡವಳು, ದನಿಯಲ್ಲಿ ಇಪ್ಪತ್ತು ಪಟ್ಟು ದೊಡ್ಡವಳು. ನಮ್ಮನ್ನು ಕಂಡದ್ದೇ ಮೊಣಕಾಲು ಮರೆತು ಓಡಿ ಬಂದಳು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯ ತಾಟು ಮುಂದಿಟ್ಟು, "ಕಾಯಿ ಕರ್ಪೂರ ಹಿಡಕೊಂಡು ನನ್ನ ಪೂಜಾ ಮಾಡಾಕ ಬಂದೀರೇನು?" ಎಂದು ಕೇಳಿದಳು. ನಾನು ನಡೆದದ್ದೆಲ್ಲ ಹೇಳಿದೆ.

ಆಕೆ ತೊಡೆ ತಟ್ಟಿಕೊಂಡು ನಕ್ಕಳು. "ಹಂಗಾರ ಹುಡುಗಿ ಥೇಟ್ ಆಯಿನ್ನ ಹೋಲ್ತಾಳಲ್ಲ! ನಿಮ್ಮವ್ವನೂ ಸಾಲ್ಯಾಗ ಹಿಂಗ ಮಾಡ್ತಿದ್ಲು."

"ಸುಮ್ನಿರ ಎಕ್ಕಾ," ಎಂದಳು ಅವ್ವ ಅವಸರದಿಂದ. "ನಾ ಎಲ್ಲಿ ಸಾಲಿಗಿ ಹೋಗಿದ್ದೆ?"

"ಅಯ್ಯ! ಒಂದ್ ವರ್ಷ ನನ್ನ ಬಾಜೂಕ ಕುಂತಿದ್ದೆಲ್ಲ!"

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. 'ನಮ್ಮಪ್ಪ ನನ್ನನ್ನು ಸಾಲಿಗೆ ಕಳಿಸಲಿಲ್ಲ, ಕಳಿಸಿದ್ದರೆ ನಾನೂ ಕಲಿಯುತ್ತಿದ್ದೆ' ಎಂದು ಅವ್ವ ಹೇಳುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವನು. ಗೋಡೆಯ ಮೇಲಿನ ಅಜ್ಜನ ಫೋಟೋ ಕಂಡಾಗಲೆಲ್ಲ ಎಂಥ ಕಟುಕ ಮನುಷ್ಯ ಎಂದು ಮನಸ್ಸಿನಲ್ಲೇ ಬೈದವನು.

ಅವ್ವ ಸ್ವಲ್ಪ ಹೊತ್ತು ಚಟ್ನಿಯನ್ನು ತಾಟಿನ ಅಂಚಿಗೆ ಸರಿಸುತ್ತ ಕುಳಿತಳು. ಆಮೇಲೆ ಹೇಳಿದಳು: "ಅಕ್ಷರ ನೋಡಿದ್ರ ಇರಿವಿ ಹರದಾಡಿದಂಗ ಆಕ್ಕಿತ್ತು. ಮಾಸ್ತರ ಹೊಡೀತಿದ್ದ. ನಾ ಪಾಟಿ ಒಯ್ದು ಬಾವ್ಯಾಗ ಒಗದೆ. ನಮ್ಮಪ್ಪ ಇನ್ನೊಂದ್ ತಂದ. ಅದನ್ನೂ ಒಗದೆ. ಮೂರನೇದು ತರಲಿಲ್ಲ. ಅದಕ್ಕ ಸಾಲಿಗಿ ಕಳಸಲಿಲ್ಲ ಅಂತ ಹೇಳಿದೆ. ಅದರಾಗ ಸುಳ್ಳೇನೈತಿ?"

ಹುಡುಗಿ ತಾಟು ಬಿಟ್ಟು ಆಯಿಯ ಪಕ್ಕಕ್ಕೆ ಸರಿದು ಕುಳಿತಳು. ಆಕೆಯ ಮುಖದಲ್ಲಿ ಅಂಥ ಬೆಳಕನ್ನು ನಾನು ತಿಂಗಳುಗಟ್ಟಲೆ ನೋಡಿರಲಿಲ್ಲ. "ಆಯಿ, ನಿನಗೂ ಹರದಾಡ್ತಿದ್ದುವು?"

"ಹೂಂ ನನ ಕೂಸ."

ಹುಡುಗಿ ಸ್ವಲ್ಪ ಯೋಚಿಸಿ ಕೇಳಿದಳು: "ಆ ಬಾವಿ ಎಲ್ಲೈತಿ?"

ಬಾವಿ ಮುಚ್ಚಿ ಹೋಗಿದೆ ಎಂದು ನಾವು ಮೂವರೂ ಒಟ್ಟಿಗೇ ಹೇಳಿದೆವು.

ಮಾರನೆಯ ದಿನ ರಜೆ ಹಾಕಿ ಸಾಲೆಗೆ ಹೋದೆ. ಇಷ್ಟು ದಿನ ಹೋಗಿರಲಿಲ್ಲವೇಕೆಂದರೆ, ನನ್ನಂಥವನ ಮನೆಯ ಹುಡುಗಿಗೆ ಓದು ಬರುವುದಿಲ್ಲವೆಂದು ಬಾಯಿಬಿಟ್ಟು ಹೇಳಲು ನಾಚಿಕೆ. ತರಗತಿಯ ಟೀಚರ್ ನನ್ನನ್ನು ಕಂಡು, "ಈಗ ಬಂದ್ರೇನ್ರಿ? ಮನಿಗೆ ಎರಡು ಸಲ ಚೀಟಿ ಕಳಿಸಿದ್ದೆ," ಎಂದರು.

"ಯಾರ ಕೈಯಾಗ ಕಳಿಸಿದ್ರಿ?"

"ಹುಡುಗಿ ಕೈಯಾಗ."

ಮನೆಗೆ ಬಂದು ವೈನಿಯನ್ನು ಕೇಳಿದೆ. ಗುಟ್ಟು ಬಯಲಾಗುವ ಮೊದಲೇ ಚೀಟಿ ಬಂದದ್ದು ಹೌದಂತೆ. ಕೈಯಲ್ಲಿ ಲಾಳಿ ಇದ್ದದ್ದರಿಂದ, ಏನು ಬರೆದಿದ್ದಾರೆ ನೀನೇ ಓದು ಎಂದು ಮಗಳಿಗೆ ಹೇಳಿದ್ದರಂತೆ. ಮಗಳು ಗಟ್ಟಿಯಾಗಿ ಓದಿದ್ದಳು: ನಿಮ್ಮ ಮಗಳು ಭಾಳ ಶಾಣ್ಯಾ ಇದ್ದಾಳೆ, ಆಕೆಗೆ ಮನೆಗೆಲಸ ಹಚ್ಚಬೇಡಿರಿ.

ಕಲಿಕೆಯಲ್ಲಿ ತ್ರಾಸುಪಡುವ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಒಬ್ಬ ಟೀಚರು ಆಗಾಗ ಆ ಸಾಲೆಗೆ ಬರುತ್ತಿದ್ದರು. ಅವರು ಬಂದ ದಿನ ಮನೆಯವರೆಲ್ಲ ಹೋದೆವು. ಬಾಗಲಕೋಟೆಗೆ ಹೋಗಿ ಕಣ್ಣು, ಕಿವಿ ತೋರಿಸಿಕೊಂಡು ಬರಲು ಹೇಳಿದರು. ತೋರಿಸಿದೆವು, ಎರಡೂ ನೆಟ್ಟಗಿದ್ದವು. ಆಮೇಲೆ ಹುಡುಗಿಯನ್ನು ಒಂದು ಗಂಟೆ ಕೂರಿಸಿಕೊಂಡು ಏನೇನೋ ಕೇಳಿದರು, ಬರೆಸಿದರು, ಆಡಿಸಿದರು. ಬಸ್ಸಿನ ಕಥೆ ಕೇಳಿ ಬಹಳ ನಕ್ಕರು. "ಬುದ್ಧಿ ಕಮ್ಮಿ ಇದ್ದವರು ಹಿಂಗ ಎಣಸೂದಿಲ್ರಿ," ಎಂದರು. "ಅಕ್ಷರಕ್ಕೂ ಸಪ್ಪಳಕ್ಕೂ ಗಂಟು ಹಾಕೂದು ಈಕಿಗಿ ಉಳಿದವರಿಗಿಂತ ಕಠಿಣ ಐತಿ. ಮೈಗಳ್ಳತನ ಅಲ್ಲ."

"ಗುಳಗಿ ಏನರ ಅದಾವೇನ್ರಿ?" ಎಂದಳು ಅವ್ವ.

"ಗುಳಗಿ ಇಲ್ಲ ಎವ್ವಾ. ತಾಳ್ಮಿ ಬೇಕು. ಮನ್ಯಾಗ ಯಾರು ಕಲಸ್ತೀರಿ?"

ಎಲ್ಲರೂ ನನ್ನ ಕಡೆ ನೋಡಿದರು. ಟೀಚರು ನಾನು ಬರೆದುಕೊಟ್ಟಿದ್ದ ಕಾಗುಣಿತದ ವಹಿಯನ್ನು ತಿರುವಿದರು. ಹೊಗಳಿಕೆಯ ಮಾತಿಗೆ ನಾನು ಸಿದ್ಧನಾಗಿ ಕುಳಿತೆ.

"ಭಾಳ ಚಂದ ಅದಾವ್ರಿ ನಿಮ್ಮ ಅಕ್ಷರ," ಎಂದರು. "ಆದ್ರ ಹುಡುಗಿಗಿ ಬ್ಯಾಡ್ರಿ. ಈ ಸುಳಿ, ಬಾಲದಾಗ ಮೂಲ ಅಕ್ಷರ ಎಲ್ಲೈತಿ ಅಂತ ನನಗೂ ಹುಡುಕಬೇಕಾತು."

ಅಣ್ಣ ಕೆಮ್ಮಿದ. ಆ ಕೆಮ್ಮಿನಲ್ಲಿ ಸೈಕಲ್ಲಿನ ಕೀಲಿಯ ಹಳೆಯ ಸಿಟ್ಟೆಲ್ಲ ತೀರಿತೆಂದು ಕಾಣುತ್ತದೆ.

ಅಂದಿನಿಂದ ಕ್ರಮ ಬದಲಾಯಿತು. ದಿನಕ್ಕೆ ಹದಿನೈದೇ ನಿಮಿಷ. ಒಂದು ಅಕ್ಷರ ಗಟ್ಟಿಯಾಗುವವರೆಗೆ ಇನ್ನೊಂದು ಇಲ್ಲ. ಅಕ್ಷರವನ್ನು ಕಣ್ಣಿನಿಂದಷ್ಟೇ ಅಲ್ಲ, ಬೆರಳಿನಿಂದಲೂ ಮುಟ್ಟಿ ಕಲಿಯಬೇಕು, ಮುಟ್ಟುವಾಗ ಬಾಯಲ್ಲಿ ಸಪ್ಪಳ ಹೇಳಬೇಕು. ಮೊದಲು ತಾಟಿನಲ್ಲಿ ರವೆ ಹರವಿ ಬರೆಸಿದೆವು. ಎರಡೇ ದಿನಕ್ಕೆ ನಿಜವಾದ ಇರುವೆಗಳೇ ಬಂದು ಹರಿದಾಡತೊಡಗಿದವು. ಆಮೇಲೆ ವೈನಿ ಮಗ್ಗದಲ್ಲಿ ಉಳಿದ ತುಂಡುನೂಲು ತಂದು ರಟ್ಟಿನ ಮೇಲೆ ಅಂಟಿಸಿ ದೊಡ್ಡ ದೊಡ್ಡ ಅಕ್ಷರ ಮಾಡಿದರು. ವ ಕೆಂಪು, ಮ ಹಸಿರು, ಪ ಹಳದಿ. ಸುಳಿಯಿಲ್ಲ, ಬಾಲವಿಲ್ಲ. ನನಗೆ ನೋಡಲು ಸಂಕಟವಾಗುತ್ತಿತ್ತು, ಹುಡುಗಿಗೆ ಗುರುತು ಸಿಗುತ್ತಿತ್ತು.

ಬೈಯುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೆ. ನನ್ನ ಹುಬ್ಬಿನ ಕಾವಲಿಗೆ ಅವ್ವ ಎದುರಿಗೇ ಕೂರುತ್ತಿದ್ದಳು. ಗಂಟಿಕ್ಕಿದ ಕೂಡಲೇ "ಲೇ, ಹುಬ್ಬು!" ಎನ್ನುತ್ತಿದ್ದಳು. ಹಾಗೆ ಕುಳಿತು ಕುಳಿತು ಆಕೆಯೂ ಸುಮ್ಮನಿರಲಾರದೆ ನೂಲಿನ ಅಕ್ಷರದ ಮೇಲೆ ಬೆರಳಾಡಿಸತೊಡಗಿದಳು. ಮೊಮ್ಮಗಳು 'ಮ' ಗುರುತಿಸುವ ಮೊದಲೇ ಒಂದು ದಿನ ಆಯಿ ಗುರುತಿಸಿಬಿಟ್ಟಳು. ಹುಡುಗಿ ಎರಡು ದಿನ ಆಯಿಯ ಜತೆ ಮಾತು ಬಿಟ್ಟಳು. ಅವ್ವ ಆ ಚಳಿಗಾಲದಲ್ಲಿ ಹನ್ನೊಂದು ಅಕ್ಷರ ಕಲಿತಳು. ಸಹಿ ಮಾಡುವುದನ್ನು ಕಲಿಸುತ್ತೇನೆಂದರೆ ಮಾತ್ರ ಒಪ್ಪಲಿಲ್ಲ. "ಹೆಬ್ಬೆಟ್ಟು ಎಂದೂ ತಪ್ಪಾಗೂದಿಲ್ಲ," ಎಂದಳು.

ಸಾಲೆಯಲ್ಲೂ ಟೀಚರು ಪರೀಕ್ಷೆಯ ಕೆಲವು ಪ್ರಶ್ನೆಗಳನ್ನು ಬಾಯಿಂದಲೇ ಕೇಳತೊಡಗಿದರು. ಕೆರೆಯ ಬಗ್ಗೆ ಎರಡು ವಾಕ್ಯ ಹೇಳು ಎಂದರೆ ಹುಡುಗಿ ಹೇಳುತ್ತಲೇ ಇರುತ್ತಿದ್ದಳಂತೆ. ಗಂಟೆ ಬಾರಿಸಿದ ಮೇಲೂ ಕೆರೆ ಬತ್ತುತ್ತಿರಲಿಲ್ಲವಂತೆ.

ಒಂದೇ ಸಮನೆ ಏರುತ್ತ ಹೋಯಿತೆಂದು ಹೇಳಿದರೆ ಸುಳ್ಳಾದೀತು. ದೀಪಾವಳಿ ಸೂಟಿ ಮುಗಿಯುವಷ್ಟರಲ್ಲಿ ಕಲಿತ ಅರ್ಧ ಅಕ್ಷರ ಮಾಯವಾಗಿದ್ದವು. ಒತ್ತಕ್ಷರ ಶುರುವಾದಾಗ ಮತ್ತೆ ಅಳು, ಮತ್ತೆ ಹೊಟ್ಟೆನೋವು. ಒಂದು ಸಲ ನಾನೂ ಎದ್ದು ಹೊರಗೆ ಹೋಗಿ, ಬಸ್ ನಿಲ್ದಾಣದವರೆಗೆ ನಡೆದು, ಸಿಟ್ಟು ಇಳಿದ ಮೇಲೆ ಬಂದೆ. ಇಂದಿಗೂ ಆಕೆಯ ಓದು ನಿಧಾನ. ಇಂದಿಗೂ ಅವಸರದಲ್ಲಿ ವ ಇದ್ದಲ್ಲಿ ಮ ಬಂದುಬಿಡುತ್ತದೆ.

ಐದನೆಯ ಇಯತ್ತೆಯ ಕೊನೆಗೆ ಸಾಲೆಯಲ್ಲಿ ಪಾಲಕರ ಸಭೆ ಇಟ್ಟಿದ್ದರು. ಇಲಾಖೆಯ ಸಾಹೇಬರೊಬ್ಬರು ಬಂದಿದ್ದರು. ಪ್ರತಿ ಮಗುವೂ ಮುಂದೆ ಬಂದು ಆರು ಸಾಲು ಓದಬೇಕಿತ್ತು. ನಿನಗೆ ಬೇಡವೆಂದರೆ ಬಿಡು ಎಂದು ಟೀಚರು ಮೊದಲೇ ಹೇಳಿದ್ದರಂತೆ. ಓದುತ್ತೇನೆ ಎಂದು ಹುಡುಗಿಯೇ ಹಟ ಹಿಡಿದಿದ್ದಳು. ನಾವು ನಾಲ್ವರೂ ಒಂದೇ ಬೆಂಚಿನಲ್ಲಿ ಕುಳಿತಿದ್ದೆವು. ಹುಬ್ಬು ಕಾಣಬಾರದೆಂದು ನಾನು ತಲೆ ತಗ್ಗಿಸಿದ್ದೆ.

ಆಕೆ ಮೊದಲ ಪದದ ಮೇಲೆ ಬೆರಳಿಟ್ಟಳು. ಓದಿದಳು. ಎರಡನೆಯದರ ಮೇಲೆ ಇಟ್ಟಳು. ಸಾಹೇಬರ ಚಹಾದ ಮೇಲೆ ಕೆನೆ ಕಟ್ಟಿತು. ಹಿಂದೆ ಯಾರದೋ ಕೂಸು ಅತ್ತು ಸುಮ್ಮನಾಯಿತು. ನಾಲ್ಕು ಸಾಲು ಮುಗಿದಾಗ ಸಾಹೇಬರಿಗೆ ಕನಿಕರವೆನಿಸಿರಬೇಕು, "ಶಾಬಾಸ್!" ಎಂದು ಚಪ್ಪಾಳೆ ತಟ್ಟಿದರು. ಇಡೀ ಸಭೆ ತಟ್ಟಿತು.

ಹುಡುಗಿ ಪುಟದಿಂದ ಬೆರಳೆತ್ತಲಿಲ್ಲ. "ತಡೀರಿ ಸರ್," ಎಂದಳು. "ಇನ್ನೂ ಎರಡು ಸಾಲು ಅದಾವ್ರಿ."

ಚಪ್ಪಾಳೆ ತಟ್ಟನೆ ನಿಂತಿತು. ಸಾಹೇಬರು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಆಕೆ ಐದನೆಯ ಸಾಲು ಓದಿದಳು, ಒಂದು ಕಡೆ ತಪ್ಪಿ, ಹಿಂದೆ ಹೋಗಿ, ಸರಿಮಾಡಿಕೊಂಡಳು. ಆರನೆಯದನ್ನೂ ಓದಿದಳು. ಆಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಗಿದಿದೆಯೋ ಇಲ್ಲವೋ ಎಂದು ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಸಾಹೇಬರೂ ಹುಡುಗಿಯ ಮುಖವನ್ನೇ ನೋಡುತ್ತ ಕುಳಿತಿದ್ದರು.

ಹುಡುಗಿ ಪುಸ್ತಕ ಮುಚ್ಚಿದಳು.

"ಆತ್ರಿ," ಎಂದಳು. "ಈಗ ಬಡೀರಿ."